ಸ್ತೋತ್ರಪ್ಪನ ಸಾಕ್ಷಿ

"ಇವತ್ತು ನೀವು ಸಭೆ ಮುಂದೆ ನಿಂತು ಆ ಮಾತನ್ನ ಇನ್ನೊಂದು ಸಲ ಹೇಳಿದ್ರೆ, ನಾನು ಅಲ್ಲಿಂದಲೇ ತವರಿಗೆ ಹೋಗ್ತೀನಿ. ಮತ್ತೆ ಈ ಹೊಸ್ತಿಲು ತುಳಿಯಲ್ಲ!"

ಹೆಂಡತಿಯ ಮಾತಿಗೆ ಕ್ಷೌರಿಕ ತಲೆ ಎತ್ತಲಿಲ್ಲ. ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಇದ್ದ.

ಅವನನ್ನು ಬೀದಿಯವರೆಲ್ಲ ಕರೆಯುತ್ತಿದ್ದದ್ದು ಸ್ತೋತ್ರಪ್ಪ ಎಂದೇ. ಮಾತು ಮಾತಿಗೂ 'ದೇವರಿಗೆ ಸ್ತೋತ್ರ' ಅನ್ನುವುದು ಅವನ ಬಾಯಿಗೆ ಅಂಟಿದ ಚಟ. ಹೋದ ಕರೆಂಟು ಬಂದರೆ ಸ್ತೋತ್ರ, ಗಿರಾಕಿ ಬಂದರೆ ಸ್ತೋತ್ರ, ಕ್ಷೌರದ ಕತ್ತಿ ತಾಗಿ ಬೆರಳು ಕುಯ್ದುಕೊಂಡರೂ ಸ್ತೋತ್ರ. ಸದ್ಯ, ಗಿರಾಕಿಯ ಕಿವಿ ಉಳಿಯಿತಲ್ಲ! "ನನ್ನನ್ನ ಕಟ್ಟಿಕೊಂಡಾಗ್ಲೂ ಹೀಗೇ ಅಂದಿದ್ರಾ?" ಎಂದು ಹೆಂಡತಿಯೂ ಕಾಲೆಳೆಯುತ್ತಿದ್ದಳು. ಆಗ ಜೊತೆಗೆ ನಗುವುದಕ್ಕೆ ಮನೆಯಲ್ಲಿ ಮಗಳಿದ್ದಳು.

ಏಳು ವರ್ಷದ ಕೂಸು. ಜ್ವರ ಎಂದು ಆಸ್ಪತ್ರೆಗೆ ಸೇರಿಸಿದರು, ಜ್ವರ ಮೆದುಳಿಗೆ ಏರಿತು. ಡಾಕ್ಟರು ಹೊರಗೆ ಬಂದು, "ನಮ್ಮ ಕೈಯಲ್ಲಿ ಆಗ್ಲಿಲ್ಲಪ್ಪಾ... ಮಗು ಹೋಯ್ತು" ಅಂದರು. ಗೋಡೆಗೆ ಒರಗಿ ನಿಂತಿದ್ದ ಅಪ್ಪನ ಬಾಯಿಂದ ಆಗಲೂ ಬಂದದ್ದು ಅದೇ ಮಾತು. "ದೇವರಿಗೆ ಸ್ತೋತ್ರ."

ಅಯ್ಯೋ! ಹೆತ್ತ ಕರುಳು ಅದನ್ನು ಹೇಗೆ ತಡೆದುಕೊಂಡೀತು? ಅಂದಿನಿಂದ ಈ ಬೆಳಿಗ್ಗೆಯವರೆಗೂ ಅವಳು ಗಂಡನ ಜೊತೆ ಮಾತೇ ಆಡಿರಲಿಲ್ಲ. ಇಸ್ತ್ರಿ ಅಂಗಡಿಯಲ್ಲಿ ದಿನವಿಡೀ ಬೇರೆಯವರ ಮಕ್ಕಳ ಶಾಲೆಯ ಅಂಗಿ ತೀಡಿ, ಮನೆಗೆ ಬಂದು ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದಳು. ಪ್ರಾರ್ಥನೆಯನ್ನೂ ಬಿಟ್ಟಳು. ಇಂಥ ಮಾತಿಗೆ ಒಲಿಯುವ ದೇವರಾದರೆ ಅವನ ಸಹವಾಸವೇ ಬೇಡ ಅನ್ನಿಸಿಬಿಟ್ಟಿತ್ತು ಅವಳಿಗೆ. ಆದರೆ ಗಂಡನ ಅಕ್ಕ, ವಿಧವೆಯಾಗಿ ಇವರ ಜೊತೆಗೇ ಇದ್ದವಳು, ಆ ಮಾತನ್ನು ಚರ್ಚಿನ ತುಂಬ ಹೊತ್ತು ತಿರುಗಿದಳು. ಎಂಥ ವಿಶ್ವಾಸ ನನ್ನ ತಮ್ಮನದು! ಅದು ಪಾದ್ರಿಗಳ ಕಿವಿಗೂ ಬಿತ್ತು. ಈ ಭಾನುವಾರದ ಆರಾಧನೆಯಲ್ಲಿ ತನ್ನ ವಿಶ್ವಾಸದ ಬಗ್ಗೆ ಎಲ್ಲರೆದುರು ಸಾಕ್ಷಿ ಹೇಳಬೇಕೆಂದು ಅವರೇ ಹೇಳಿಕಳಿಸಿದರು.

"ನಡಿ ತಮ್ಮಾ, ಹೊತ್ತಾಯ್ತು" ಎನ್ನುತ್ತ ಒಳಗೆ ಬಂದ ಅಕ್ಕ, ತಮ್ಮನ ಹೆಂಡತಿಯನ್ನು ಮೇಲಿಂದ ಕೆಳಗೆ ನೋಡಿದಳು. "ತಾಯಿಗೂ ಇವನಷ್ಟೇ ವಿಶ್ವಾಸ ಇದ್ದಿದ್ರೆ ಮಗು ಉಳೀತಿತ್ತೇನೋ..."

"ಅತ್ತಿಗೇ!" ಎಂದು ಅವಳು ತಡೆದಳು. ಗಂಡ ಏನಾದರೂ ಹೇಳುತ್ತಾನೆಂದು ಅವನತ್ತ ನೋಡಿದಳು. ಅವನು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟ. ಅವಳು ಬಟ್ಟೆಯ ಚೀಲವನ್ನು ಹೆಗಲಿಗೇರಿಸಿ ಹಿಂದೆಯೇ ನಡೆದು, ಚರ್ಚಿನ ಕೊನೆಯ ಬೆಂಚಿನಲ್ಲಿ, ಬಾಗಿಲ ಪಕ್ಕದಲ್ಲೇ ಕುಳಿತಳು.

ಪಾದ್ರಿಗಳು ಕರೆದರು. ಕ್ಷೌರಿಕ ಎದ್ದು ಮುಂದೆ ಹೋಗಿ ನಿಂತ.

"ಅಕ್ಕ ನಿಮಗೆ ಹೇಳಿರೋದು ಸುಳ್ಳಲ್ಲ. ನಾನು ಹಾಗಂದೆ. ಆದ್ರೆ ಅದು ವಿಶ್ವಾಸ ಅಲ್ಲ... ಚಟ. ಗಿರಾಕಿ ಎದ್ದ ಕೂಡ್ಲೆ ಬಟ್ಟೆ ಕೊಡವಲ್ವಾ, ಹಾಗೆ. ಮಗಳು ಸತ್ತಳು ಅನ್ನೋದು ತಲೆಗೆ ಹೋಗೋ ಮೊದಲೇ ಬಾಯಿ ಅಂದುಬಿಡ್ತು. ಆಮೇಲೆ ನೀವೆಲ್ಲ ಹೊಗಳಿದ್ರಿ... ಹೆಂಡತಿ ಮುಖ ನೋಡೋ ಧೈರ್ಯ ಇರ್ಲಿಲ್ಲ. ಆ ಹೊಗಳಿಕೆ ಹಿಂದೆ ಅಡಗಿಕೊಂಡೆ."

"ತಮ್ಮಾ, ಸಾಕು, ಕೂತ್ಕೋ!" ಅಕ್ಕ ಕೂಗಿದಳು.

"ಇಲ್ಲಕ್ಕಾ. ಬೆಳಿಗ್ಗೆ ನೀನು ಅವಳಿಗೆ ಅಂದಾಗ ಸುಮ್ಮನಿದ್ದೆ, ಅದೂ ನಂದೇ ತಪ್ಪು. ಅವಳು ನಮ್ಮಿಬ್ಬರಿಗಿಂತ ಜಾಸ್ತಿ ಮೊಣಕಾಲೂರಿ ಬೇಡಿಕೊಂಡಿದ್ದಳು. ಅಯ್ಯನೋರೇ, ನನ್ನ ಕೂಸು ಹೋಗಿದ್ದಕ್ಕೆ ನನ್ನ ಹತ್ರ ಸ್ತೋತ್ರ ಇಲ್ಲ. ಒಂದು ಚೂರೂ ಇಲ್ಲ! ದೇವರೇ ಬಂದು ಕೇಳಿದ್ರೂ ಇಲ್ಲ ಅಂತೀನಿ... ನನಗೆ ನನ್ನ ಮಗಳು ಬೇಕು!"

ಅಷ್ಟು ದೊಡ್ಡ ಗಂಡಸು ಎಲ್ಲರೆದುರು ಕುಸಿದು ಕುಳಿತು, ಎದೆ ಒಡೆದವನ ಹಾಗೆ ಅತ್ತ. ಪಾದ್ರಿಗಳು ತಲೆ ತಗ್ಗಿಸಿದರು. ಅಕ್ಕ ಮುಖ ಮುಚ್ಚಿಕೊಂಡಳು.

ಇಷ್ಟು ದಿನ ಆ ಮನೆಯಲ್ಲಿ ತಾನೊಬ್ಬಳೇ ಅಳುತ್ತಿದ್ದೇನೆ ಅಂದುಕೊಂಡಿದ್ದಳು ಹೆಂಡತಿ. ಎಲ್ಲರ ನಡುವೆ ಹಾದು ಹೋಗಿ ಗಂಡನ ತೋಳು ಹಿಡಿದಳು. "ಏಳಿ... ಬನ್ನಿ, ಮನೆಗೆ ಹೋಗೋಣ."

ಇಬ್ಬರೂ ಒಬ್ಬರನ್ನೊಬ್ಬರು ಆತುಕೊಂಡು ಬೀದಿಗಿಳಿದರು. ಮಗಳು ಇನ್ನು ಬರುವುದಿಲ್ಲ. ನಾಳೆಯೂ ಮನೆ ಹೀಗೇ ಬಿಕೋ ಅನ್ನುತ್ತದೆ, ನಾಡಿದ್ದೂ ಅಷ್ಟೇ. ಆದರೂ ತನ್ನ ಜೊತೆ ಅಳುವುದಕ್ಕೆ ಇವನನ್ನಾದರೂ ಉಳಿಸಿದೆಯಲ್ಲಾ ಎಂದು, ತಾನು ಬಿಟ್ಟೇಬಿಟ್ಟಿದ್ದ ದೇವರಿಗೆ ಅವಳು ಮನಸ್ಸಿನಲ್ಲೇ ಕೃತಜ್ಞತೆ ಹೇಳಿದಳು. ಆ ಮಾತು ಕಿವಿಗೆ ಬಿದ್ದರೆ ಗಂಡನಿಗೆ ನೋವಾದೀತೆಂದು ತುಟಿ ಮಾತ್ರ ಬಿಚ್ಚಲಿಲ್ಲ.