ಕಪ್ಪು ಕೂದಲಿನ ಹುಡುಗಿ

ಗಂಡ ಕೋಲ್ಬಿಯನ್ನು ಮಣ್ಣು ಮಾಡಿ, ನೆಂಟರೆಲ್ಲ ಹೊರಟುಹೋದ ಮೇಲೆ ಟ್ರೆಸಾ ಒಬ್ಬಳೇ ಎದ್ದ ಮೊದಲ ಬೆಳಗು ಅದು. ಎಂದಿನಂತೆ ಕಸದ ಗಾಡಿ ಬಂತು. ಎಂದಿನಂತೆ ಅವಳು ಡಬ್ಬ ಎಳೆದುಕೊಂಡು ಓಡಿದಳು. ಅಳು ಮಾತ್ರ ಇವತ್ತೂ ಬರಲಿಲ್ಲ.

ಗಾಡಿ ಸರಿದಾಗ ಅದರ ಹಿಂದೆ ನಿಂತಿದ್ದವಳು ಕಾಣಿಸಿದಳು.

ನಡೀನ್! ಬೆನ್ನು ತುಂಬ ಕಪ್ಪು ಕೂದಲು...

ಟ್ರೆಸಾಳ ಎದೆ ಕಲ್ಲಾಯಿತು. ಕೋಲ್ಬಿ ಹಗಲು ಮರದ ಮಿಲ್ಲಿನಲ್ಲಿ ದುಡಿದು, ಸಂಜೆ ಹಾಡು ಕಟ್ಟುತ್ತಿದ್ದ. ಯಾವ ಕಂಪನಿಯ ಹಂಗೂ ಇಲ್ಲದೆ ತನ್ನ ಸಿ.ಡಿ.ಗಳನ್ನು ಟ್ರಕ್ಕಿನ ಹಿಂಬದಿಯಲ್ಲಿಟ್ಟು ಕೆಂಟಕಿಯ ಕಣಿವೆ ಕಣಿವೆಯಲ್ಲೂ ಮಾರುತ್ತಿದ್ದ. ಅವನ ಜೊತೆ ಹಾಡುತ್ತಿದ್ದವಳು ಈ ನಡೀನ್. ವರ್ಷಗಳಿಂದ ಅವನ ಹಾಡುಗಳಲ್ಲೆಲ್ಲ ಒಬ್ಬಳೇ ಹುಡುಗಿ, ಕಪ್ಪು ಕೂದಲಿನವಳು. ಟ್ರೆಸಾಳದೋ, ಕೆಂಡದಂಥ ಕೆಂಗೂದಲು.

“ಕಾಫಿ ಇದ್ಯಾ?” ನಡೀನ್ ಮೆಲ್ಲಗೆ ಕೇಳಿದಳು.

“ಇಲ್ಲ. ಏನು ಬೇಕು ಹೇಳು.”

“ನನ್ನ ಗಿಟಾರ್ ಕಣೇ. ಅವನದು ಬಿರುಕು ಬಿಟ್ಟಿತ್ತಲ್ಲ, ಸರಿ ಆಗೋವರೆಗೆ ಅಂತ ನಂದು ತಂದಿದ್ದ. ಶುಕ್ರವಾರ ಅವನ ಹಾಡು ಹಾಡು ಅಂತಿದ್ದಾರೆ ಎಲ್ಲರೂ...”

“ಹಾಡೆಲ್ಲ ನಿನಗೇ ಸಿಕ್ತಲ್ಲ, ಗಿಟಾರೂ ಬೇಕಾ?”

“ಏನಂದೆ?”

“ಅವನ ಹಾಡಲ್ಲಿ ಪೆಟ್ರೋಲ್ ಬಂಕಿನ ಮೆಟ್ಟಿಲ ಮೇಲೆ ಕೂತು, ಕೋಲಾ ಬಾಟಲಿಗೆ ಕಡ್ಲೆಬೀಜ ಸುರ್ಕೊಂಡು ಕುಡಿಯೋ ಕಪ್ಪು ಕೂದಲಿನ ಹುಡುಗಿ... ನೀನೇ ತಾನೆ? ಅವನು ನನ್ನನ್ನ ಮೊದಲು ನೋಡಿದ್ದು ಹಾಗೇ! ನಮ್ಮಿಬ್ಬರದೇ ಅಂತ ಇದ್ದದ್ದು ಅದೊಂದು. ಅದನ್ನೂ ನಿನಗೆ ಕೊಟ್ಟುಬಿಟ್ಟ!”

ನಡೀನ್ ಹಣೆ ಚಚ್ಚಿಕೊಂಡಳು.

“ನಂಗೆ ಕಡ್ಲೆಬೀಜ ಆಗಲ್ಲ ಮಾರಾಯ್ತಿ! ಒಂದು ತಿಂದ್ರೂ ಗಂಟಲು ಊದುತ್ತೆ. ಚರ್ಚಿನ ಊಟದಲ್ಲಿ ನನ್ನ ಮುಖ ಕುಂಬಳಕಾಯಿ ಆಗಿದ್ದು ಊರೆಲ್ಲ ನೋಡಿ ನಕ್ಕಿದೆ!”

“ಮತ್ತೆ... ಆ ಕೂದಲು?”

“ಅವನ ಮೊದಲ ಹಾಡಲ್ಲಿ ಕೆಂಗೂದಲು ಅಂತಲೇ ಇತ್ತಲ್ಲೇ. ನೀವಿಬ್ಬರೂ ಜಗಳ ಆಡಿ, ನೀನು ಬೀನ್ಸ್ ಪಾತ್ರೆ ಎತ್ತಿ ಎಸೆದ ಹಾಡು. ಅಂಗಡಿಗೆ ಹೋದ್ರೂ, ಚರ್ಚಿಗೆ ಹೋದ್ರೂ ‘ಇವತ್ತು ಬೀನ್ಸ್ ಯಾರ ತಲೆಗಮ್ಮ?’ ಅಂತ ಜನ ನಿನ್ನ ಕಾಡಿದ್ರು. ಆಗ ಅವನಿಗೆ ಏನಂದೆ, ನೆನಪಿದ್ಯಾ?”

ನೆನಪಾಯಿತು. ‘ಇನ್ನೊಂದು ಸಲ ನನ್ನನ್ನ ಹಾಡಿಗೆ ಎಳೆದ್ರೆ ಮನೆ ಬಿಟ್ಟು ಹೋಗ್ತೀನಿ!’ ಅವತ್ತು ಅವನು ತಲೆ ತಗ್ಗಿಸಿ ಮಾತು ಕೊಟ್ಟಿದ್ದ.

“ನೀನಿಲ್ಲದೆ ಅವನಿಗೆ ಹಾಡೇ ಹುಟ್ತಿರಲಿಲ್ಲ ಕಣೇ. ಅದಕ್ಕೇ ನನ್ನ ಕೂದಲು ತೆಗೆದು ನಿನ್ನ ತಲೆಗೆ ಅಂಟಿಸಿದ, ಕಳ್ಳ! ಮಿಕ್ಕಿದ್ದೆಲ್ಲ ನೀನೇ.”

ಅಯ್ಯೋ ಕೋಲ್ಬಿ... ಇಷ್ಟು ವರ್ಷ ನನ್ನೆದುರೇ ನನ್ನನ್ನು ಹಾಡಿದೆಯಲ್ಲೋ! ನಾನೋ, ಮುಖ ತಿರುಗಿಸಿಕೊಂಡು ಕೂತಿದ್ದೆ...

ಅಳು ಬಂತು. ಕಸದ ಡಬ್ಬ ಹಿಡಿದುಕೊಂಡೇ, ಬೀದಿಯಲ್ಲೇ, ಟ್ರೆಸಾ ಬಿಕ್ಕಿ ಬಿಕ್ಕಿ ಅತ್ತಳು. ನಡೀನ್ ಅವಳನ್ನು ತಬ್ಬಿ ನಿಂತಳು.

ಆಮೇಲೆ ಟ್ರೆಸಾ ಒಳಗೆ ಹೋಗಿ, ಮಂಚದ ಪಕ್ಕ ಅವನು ಒರಗಿಸಿಟ್ಟಿದ್ದ ಗಿಟಾರನ್ನು ತಂದಳು. ತಂತಿಗಳನ್ನು ಒಮ್ಮೆ ಸವರಿದಳು.

“ಇರಲಿ ಬಿಡೇ, ಶುಕ್ರವಾರಕ್ಕೆ ಬೇರೆ ಎಲ್ಲಾದ್ರೂ ನೋಡ್ಕೋತೀನಿ,” ಎಂದಳು ನಡೀನ್.

“ಬೇಡ, ನಿಂದು ತಗೋ. ಆದ್ರೆ... ಕಪ್ಪು ಕೂದಲು ಅಂತ ಹಾಡಬೇಡ.”

“ಊರು ಮತ್ತೆ ನಗುತ್ತೆ ಕಣೇ.”

“ನಗಲಿ,” ಟ್ರೆಸಾ ಗಿಟಾರನ್ನು ಅವಳ ಕೈಗಿತ್ತಳು. “ಅವನು ಯಾರನ್ನ ಪ್ರೀತಿಸ್ತಿದ್ದ ಅಂತ ಗೊತ್ತಾಗಲಿ.”