ದನಿಯಿಲ್ಲದ ವಿಡಿಯೋ

“ಅಕ್ಕಾ, ಅವ್ವ ಏನಂತಾಳ?”

ಪ್ರತಾಪ ಫೋನಿಗೆ ಕಿವಿ ಹಚ್ಚಿ ಕೇಳಿದ. ಅವನಿಗೆ ಇನ್ನೂ ಮೂರು ತುಂಬಿಲ್ಲ. ಪರದೆಯಲ್ಲಿ ಅವ್ವ ಬಣ್ಣದ ತೊಟ್ಟಿಲಿನ ಮೇಲೆ ಬಗ್ಗಿ ನಿಂತಿದ್ದಳು. ಅವಳ ತುಟಿ ಅಲ್ಲಾಡುತ್ತಿದ್ದವು. ದನಿ ಮಾತ್ರ ಇಲ್ಲ.

ದುರ್ಗಾ ವಾಲ್ಯೂಮ್ ಬಟನ್ ಒತ್ತಿದಳು. ಮತ್ತೆ ಒತ್ತಿದಳು. ಅದು ಆಗಲೇ ಪೂರ್ತಿ ಮೇಲೇರಿ ಕೂತಿತ್ತು. ಪರದೆಯ ಕೆಳಗೆ ಒಂದು ಸಾಲು ಬಂದು ಹೋಯಿತು: ‘ಈ ಆಡಿಯೋ ಫಾರ್ಮ್ಯಾಟ್ ಸಪೋರ್ಟ್ ಆಗುವುದಿಲ್ಲ.’

“ಹಾಳಾದ ಫೋನು! ಕೈ ತಗೀಲೇ ಪ್ರತ್ಯಾ, ಕಾಣವಲ್ದು.”

“ಅವ್ವ ಏನಂತಾಳ, ಹೇಳ!”

“ತಡಿಯಪ್ಪಾ. ನಿನಗ ಅವ್ವನ ದನಿ ಕೇಳಸ್ತೇನಿ. ಕೇಳಿಸೇ ಕೇಳಸ್ತೇನಿ.”

ಹೇಳುವುದೇನೋ ಹೇಳಿಬಿಟ್ಟಳು. ಅಲ್ಲಿಂದಲೇ ಅವಳ ತಾಪತ್ರಯ ಶುರುವಾಯಿತು.

ಅದು ಪ್ರತಾಪನ ತೊಟ್ಟಿಲ ಕಾರ್ಯದ ವಿಡಿಯೋ. ಕಲಘಟಗಿಯ ದಾವೂದಸಾಬ ಅವರ ಊರು ದೇವಿಕೊಪ್ಪಕ್ಕೆ ಬಂದು ಶೂಟಿಂಗ್ ಮಾಡಿದ್ದ. ಇವತ್ತು ಕೊಡುತ್ತೇನೆ, ನಾಳೆ ಕೊಡುತ್ತೇನೆ ಎಂದು ಸತಾಯಿಸಿ, ಪೆನ್‌ಡ್ರೈವ್ ಕೊಡುವಷ್ಟರಲ್ಲಿ ಎಂಟು ತಿಂಗಳಾಗಿತ್ತು. ಆ ಎಂಟು ತಿಂಗಳಲ್ಲಿ ಅವ್ವನಿಗೆ ಜ್ವರ ಬಂದು, ಹುಬ್ಬಳ್ಳಿಯ ದವಾಖಾನೆಗೆ ಹೋದವಳು ಜೀವಂತ ವಾಪಸ್ ಬರಲಿಲ್ಲ. ಅಪ್ಪ ಬಸಣ್ಣ ಆ ಪೆನ್‌ಡ್ರೈವನ್ನು ಅವ್ವನ ಸೀರೆಗಳ ಕೆಳಗೆ, ಟ್ರಂಕಿನಲ್ಲಿ ಇಟ್ಟುಬಿಟ್ಟ. ಒಮ್ಮೆಯೂ ಹಚ್ಚಿ ನೋಡಲಿಲ್ಲ. ಹೋದ ತಿಂಗಳು ಅದು ದುರ್ಗಾಳ ಕೈಗೆ ಸಿಕ್ಕಿತು. ಅಂಗಡಿಯಲ್ಲಿ ವಿಡಿಯೋವನ್ನು ಮನೆಯ ಫೋನಿಗೆ ಹಾಕಿಸಿಕೊಂಡಳು.

ಅವ್ವನ ಫೋಟೋ ಮನೆಯಲ್ಲಿ ಎರಡಿವೆ. ದನಿ ಎಲ್ಲೂ ಇಲ್ಲ. ಅವ್ವನ ಹತ್ತಿರ ಇದ್ದದ್ದು ಬಟನ್ ಫೋನು, ಅದರಲ್ಲಿ ಏನೂ ಉಳಿದಿಲ್ಲ. ತೊಟ್ಟಿಲು ತೂಗುತ್ತಾ ಅವ್ವ ಅವತ್ತು ಹಾಡಿದ್ದು ದುರ್ಗಾಗೆ ನೆನಪಿದೆ. ಹಾಡು ನೆನಪಿಲ್ಲ. ಈಚೆಗೆ ಕಣ್ಣು ಮುಚ್ಚಿದರೆ ಅವ್ವನ ಮುಖ ಬರುತ್ತಿತ್ತು, ದನಿ ಬರುತ್ತಿರಲಿಲ್ಲ. ಅದು ಅವಳಿಗೆ ಭಾಳ ಹೆದರಿಕೆ ಹುಟ್ಟಿಸಿತ್ತು. ಯಾರಿಗೂ ಹೇಳಿರಲಿಲ್ಲ.

ಟಿವಿಗೆ ಪೆನ್‌ಡ್ರೈವ್ ಚುಚ್ಚಿ ನೋಡಿದಳು. ಅದು ಫೋನಿಗಿಂತ ಮೊಂಡು. ಫೈಲಿನ ಹೆಸರು ತೋರಿಸಿತು. ಓಕೆ ಒತ್ತಿದರೆ ಕಪ್ಪು ಪರದೆ. ಶಾಲೆಯ ಕಂಪ್ಯೂಟರಿನಲ್ಲಿ ಹಾಕಿದರೆ ಅವ್ವನ ಮುಖದ ತುಂಬಾ ಹಸಿರು ಚೌಕಗಳು ಎದ್ದವು, ಆಮೇಲೆ ಕಂಪ್ಯೂಟರೇ ಹ್ಯಾಂಗ್ ಆಯಿತು.

“ಪ್ಲೇಯರ್ ಬದಲ ಮಾಡಬೇಕ್ಲೇ,” ಎಂದ ಅವಳ ಕ್ಲಾಸಿನ ಫಕೀರೇಶ. ತನಗೆ ಗೊತ್ತಿಲ್ಲದ್ದು ಈ ಜಗತ್ತಿನಲ್ಲೇ ಇಲ್ಲ ಎಂಬಂತೆ ಮಾತಾಡುವ ಹುಡುಗ ಅವನು. “ನಮ್ಮಣ್ಣನ ಫೋನಿನ್ಯಾಗ ಒಂದ ಐತಿ. ಎಂಥಾ ವಿಡಿಯೋ ಇದ್ರೂ ಓಡಸ್ತೈತಿ.”

ಇಂಟರ್ನೆಟ್ ಸಿಗುವುದು ನೀರಿನ ಟಾಕಿಯ ಬಾಜೂಕ್ಕೆ ಮಾತ್ರ. ಇಬ್ಬರೂ ಅಲ್ಲಿ ಬಿಸಿಲಲ್ಲಿ ಕೂತು ಆ ಪ್ಲೇಯರ್ ಡೌನ್‌ಲೋಡ್ ಮಾಡಿದರು. ತೆರೆದ ಕೂಡಲೇ ಜಾಹೀರಾತು. ಅದನ್ನು ಮುಚ್ಚಿದರೆ ಇನ್ನೊಂದು. ಎಲ್ಲ ದಾಟಿ ವಿಡಿಯೋ ಹಚ್ಚಿದರೆ, ‘ದನಿಗೆ ಬೇರೆ ಕೋಡೆಕ್ ಬೇಕು’ ಎಂದಿತು.

“ಕೋಡೆಕ್ ಅಂದ್ರ ಏನೋ?”

“ಅದು... ಅದೊಂದ ಇರತೈತಿ,” ಎಂದ ಫಕೀರೇಶ.

ಅದನ್ನೂ ಇಳಿಸಿದರು. ‘ಈ ಆವೃತ್ತಿಗೆ ಹೊಂದುವುದಿಲ್ಲ.’ ಫಕೀರೇಶ ತಲೆ ಕೆರೆದುಕೊಂಡು, ಎಮ್ಮೆ ಹೊಡಕೊಂಡು ಬರಬೇಕು ಎಂದು ನೆಪ ಹೇಳಿ ಎದ್ದು ಹೋದ.

ಮನೆಯಲ್ಲಿ ಆಯಿ ಸಾವಂತ್ರೆವ್ವ ರೊಟ್ಟಿ ಬಡಿಯುತ್ತಿದ್ದಳು. ಮೊಮ್ಮಗಳ ಮುಖ ನೋಡಿಯೇ ಅವಳಿಗೆ ಗೊತ್ತಾಯಿತು.

“ಬಿಡ ಯವ್ವಾ. ಹ್ವಾದಾಕಿ ದನಿ ಡಬ್ಬ್ಯಾಗ ಹುಡುಕಿದ್ರ ಸಿಗತೈತೇನು?”

“ಸಿಗತೈತಿ ಆಯಿ! ಒಳಗ ಐತಿ. ಹೊರಗ ಬರವಲ್ದು, ಅಷ್ಟ.”

ಸಂಜೆ ಅಪ್ಪ ಕಬ್ಬು ಕಡಿದು ಬಂದ. ದುರ್ಗಾ ದಾವೂದಸಾಬನ ಹತ್ತಿರ ಹೋಗೋಣ ಎಂದಳು. “ಬ್ಯಾಡ,” ಎಂದ ಅಪ್ಪ. ಇನ್ನೊಮ್ಮೆ ಕೇಳಿದಳು. “ಬ್ಯಾಡ ಅಂದ್ನೆಲ್ಲ!” ಎಂದು ರೇಗಿದ. ಅವಳು ಅಲ್ಲೇ ನಿಂತಳು.

“ಅಪ್ಪಾ, ನಂಗ ಅವ್ವನ ದನಿ ಮರತ ಹೋಗಾಕತ್ತೈತಿ.”

ಅಪ್ಪ ಕೈಯಲ್ಲಿದ್ದ ತಂಬಿಗೆ ಕೆಳಗಿಟ್ಟ. ಮರುದಿನ ಮುಂಜಾನೆ ಕಬ್ಬಿಗೆ ಹೋಗದೆ, ತೊಳೆದ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತ. “ಬಸ್ ಬರತೈತಿ, ನಡಿ,” ಎಂದ.

ಕಲಘಟಗಿಯ ಸ್ಟುಡಿಯೋದಲ್ಲಿ ದಾವೂದಸಾಬ ಪೆನ್‌ಡ್ರೈವನ್ನು ತಿರುಗಿಸಿ ಮುರುಗಿಸಿ ನೋಡಿದ.

“ಇದು ಹಳೇ ಸಾಫ್ಟ್‌ವೇರಿಂದವ್ವಾ. ಆಗಿನ ಫಾರ್ಮ್ಯಾಟ್ ಬ್ಯಾರೆ, ಈಗಿನ ಪ್ಲೇಯರ್ ಬ್ಯಾರೆ. ಒಂದಕ್ಕೊಂದು ಆಗಿಬರಂಗಿಲ್ಲ. ಕನ್ವರ್ಟ್ ಮಾಡಿ ಕೊಡ್ತೇನಿ. ಟಿವಿ, ಫೋನು, ಎಲ್ಲಾದರಾಗೂ ಓಡತೈತಿ.”

“ದನಿ ಬರತೈತ್ರಿ ಕಾಕಾ?”

“ಯಾಕ ಬರಂಗಿಲ್ಲ? ಅಗದಿ ಕ್ಲಿಯರ್ ಬರತೈತಿ.”

ಕಂಪ್ಯೂಟರಿನಲ್ಲಿ ಹಸಿರು ಗೆರೆ ತೆವಳತೊಡಗಿತು. ದುರ್ಗಾ ಸ್ಟೂಲಿನ ಮೇಲೆ ಕೂತು ಅದನ್ನೇ ನೋಡಿದಳು. ಅರವತ್ತೆರಡು ಪರ್ಸೆಂಟಿಗೆ ಬಂದು ಗೆರೆ ನಿಂತುಬಿಟ್ಟಿತು. ದಾವೂದಸಾಬ ಮೌಸ್ ಕುಟ್ಟಿದ, ಬೈದ, ಬಂದ್ ಮಾಡಿ ಮತ್ತೆ ಮೊದಲಿನಿಂದ ಹಚ್ಚಿದ. ಮಧ್ಯಾಹ್ನದ ಬಸ್ ಹೋಯಿತು. ಅಪ್ಪ ಅವಳಿಗೆ ಒಂದು ಮಿರ್ಚಿ ಭಜಿ ತಂದು ಕೊಟ್ಟ, ಅವಳು ಅದನ್ನು ತಿನ್ನಲಿಲ್ಲ.

ನಾಲ್ಕು ಗಂಟೆಗೆ ಗೆರೆ ತುದಿ ಮುಟ್ಟಿತು. ದಾವೂದಸಾಬ ಹಚ್ಚಿ ತೋರಿಸಿದ. ಗುಲಾಬಿ ಹೂಗಳು ಉದುರಿದವು, ಪ್ರತಾಪನ ಹೆಸರು ಹಾರಿ ಬಂತು, ಜೊತೆಗೆ ಟುಂಯ್ ಟುಂಯ್ ಎಂದು ಸಂಗೀತ.

“ಬಂತ ನೋಡ್ರಿ ಸೌಂಡ್!”

ಬಂತು! ಇಷ್ಟು ದಿನ ಬಾರದ್ದು ಬಂತು! ದುರ್ಗಾ ಸ್ಟೂಲಿನಿಂದ ಜಿಗಿದೇ ಬಿಟ್ಟಳು. ಬಸ್ಸಿಗೆ ಹೊತ್ತಾಗಿತ್ತು. ಮುಂದಿನದನ್ನು ಮನೆಯಲ್ಲೇ ಎಲ್ಲರೂ ಕೂಡಿ ನೋಡೋಣ ಎಂದು ಓಡಿದರು. ದಾರಿಯುದ್ದಕ್ಕೂ ಅವಳು ಪೆನ್‌ಡ್ರೈವನ್ನು ಮುಷ್ಟಿಯಲ್ಲಿ ಹಿಡಿದಿದ್ದಳು.

ಮನೆಯಲ್ಲಿ ಆಯಿ ಒಲೆ ಬಿಟ್ಟು ಬಂದು ಕೂತಳು. ಪ್ರತಾಪ ಟಿವಿಗೆ ಮೂಗು ತಾಗುವಷ್ಟು ಹತ್ತಿರ ನಿಂತ. ಅಪ್ಪ ಗೋಡೆಗೆ ಆತು ಕೂತ. ಹೂ ಉದುರಿ ಮುಗಿದವು. ಹೆಂಗಸರು ಕೂಸನ್ನು ತೊಟ್ಟಿಲಿನ ಮೇಲೆ, ಕೆಳಗೆ ಕೊಟ್ಟು ತೆಗೆದುಕೊಂಡರು. ಆಮೇಲೆ ಅವ್ವ ಬಂದಳು. ತೊಟ್ಟಿಲಿನ ಮೇಲೆ ಬಗ್ಗಿದಳು. ತುಟಿ ತೆರೆದಳು.

ಸಿನಿಮಾ ಹಾಡು ಬಂತು.

ಯಾರೋ ಗಾಯಕಿ, ಹಿಂದೆ ವೀಣೆ, ತಬಲಾ. ಅವ್ವನ ತುಟಿ ಒಂದು ಹೇಳುತ್ತಿದ್ದವು, ಹಾಡು ಇನ್ನೊಂದು ಹೇಳುತ್ತಿತ್ತು. ದುರ್ಗಾ ಮುಂದೆ ಓಡಿಸಿದಳು. ಹಾಡು. ಇನ್ನೂ ಮುಂದೆ ಓಡಿಸಿದಳು. ಇನ್ನೊಂದು ಹಾಡು. ಕೊನೆಯ ತನಕ ಹಾಡೇ.

ಅಪ್ಪ ದಾವೂದಸಾಬನಿಗೆ ಫೋನ್ ಹಚ್ಚಿದ. ಸ್ಪೀಕರಿನಲ್ಲಿ ಎಲ್ಲರಿಗೂ ಕೇಳಿಸಿತು.

“ಹಾಡ ಹಾಕಿದ್ರ ಮೂಲ ಸೌಂಡ್ ತಗದ ಬಿಡ್ತೀವಿ ಬಸಣ್ಣಾ. ಎಲ್ಲಾರದೂ ಹಂಗ ಮಾಡೂದು. ಮಂದಿ ಗದ್ದಲ ಬ್ಯಾಡ, ಚೊಲೋ ಹಾಡ ಹಾಕ್ರಿ ಅಂತ ನೀವ ಹೇಳಿದ್ರೆಲ್ಲ?”

“ಮೂಲದ್ದು... ಎಲ್ಲ್ಯಾರ ಇರಬೇಕಲ್ರಿ?”

“ಆ ಕ್ಯಾಮೆರಾ ಕಾರ್ಡಿನ ಮ್ಯಾಲೆ ಎಷ್ಟ ಮದುವಿ ಶೂಟಿಂಗ್ ಆಗಿ ಹ್ವಾದುವು. ಅದು ಉಳದಿಲ್ಲಪ್ಪಾ. ನಿಮಗ ಆಕಿ ದನಿ ಬೇಕಂತ ನಂಗ ಗೊತ್ತಾಗಲಿಲ್ಲ ಬಸಣ್ಣಾ. ತಪ್ಪ ತಿಳೀಬ್ಯಾಡ್ರಿ,” ಎಂದ.

ಅಪ್ಪ ಫೋನ್ ಇಟ್ಟ. “ನಾನ ಹೇಳಿದ್ದೆ,” ಎಂದ. “ನಾನ ಹೇಳಿದ್ದೆ ಹಾಡ ಹಾಕು ಅಂತ.” ಅವನು ಯಾರ ಮುಖವನ್ನೂ ನೋಡಲಿಲ್ಲ. ಆಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ದುರ್ಗಾಗೆ ಅಪ್ಪನ ಮೇಲೆ ಕೆಟ್ಟ ಸಿಟ್ಟು ಬಂತು, ಅವನನ್ನು ನೋಡಿ ಅಯ್ಯೋ ಅಂತಲೂ ಅನಿಸಿತು.

ಅಷ್ಟರಲ್ಲಿ ಪ್ರತಾಪ ರಿಮೋಟ್ ಒತ್ತಿ ವಿಡಿಯೋ ಮತ್ತೆ ಹಚ್ಚಿದ್ದ. ಪರದೆಯಲ್ಲಿ ಅವ್ವ. ಆ ಗಾಯಕಿಯ ಹಾಡು. ಅವನು ಚಪ್ಪಾಳೆ ತಟ್ಟಿ ಕುಣಿಯತೊಡಗಿದ.

“ಅವ್ವ ಹಾಡಾಕತ್ತಾಳ! ಅಕ್ಕಾ, ಅವ್ವನ ದನಿ! ಅವ್ವನ ದನಿ!”

ಹೌದು ಅಂದುಬಿಟ್ಟರೆ ಆಗಿಹೋಗುತ್ತಿತ್ತು. ಹುಡುಗ ಖುಷಿಯಾಗಿದ್ದ. ದುರ್ಗಾಳ ಬಾಯಿ ತನಕ ಆ ‘ಹೌದು’ ಬಂತು. ಅಲ್ಲೇ ನಿಂತಿತು. ಯಾರೋ ಗುರುತಿಲ್ಲದಾಕೆ ತಮ್ಮ ಅವ್ವನ ಜಾಗದಲ್ಲಿ ಕೂತುಬಿಟ್ಟಂತೆ ಅವಳಿಗೆ ಅನಿಸಿತು.

ಅವಳು ರಿಮೋಟ್ ಕಸಿದು ಮ್ಯೂಟ್ ಒತ್ತಿದಳು.

“ಅಲ್ಲೋ ಪ್ರತ್ಯಾ. ಅದು ಅವ್ವ ಅಲ್ಲ.”

“ಅವ್ವ!”

“ಅಲ್ಲ. ಅವ್ವ ನಿನ್ನ ಹಿಂಗ ಕರೀತಿದ್ದಳು, ಕೇಳು.” ದುರ್ಗಾ ಕಣ್ಣು ಮುಚ್ಚಿದಳು. “ಎಲ್ಲಿ ಅದೀಯೋ ನನ್ನಪ್ಪಾ... ಬಾರೋ.”

ಆ ‘ಬಾರೋ’ವನ್ನು ಅವ್ವ ಎಳೆಯುತ್ತಿದ್ದಳೋ, ಮೇಲಕ್ಕೆ ಎತ್ತುತ್ತಿದ್ದಳೋ? ಅವಳಿಗೆ ಖಾತ್ರಿಯಿರಲಿಲ್ಲ. ಅಪ್ಪನ ಕಡೆ ನೋಡಿದಳು, ಅವನು ತಲೆ ಎತ್ತಲಿಲ್ಲ. ಆಯಿಯ ಕಡೆ ನೋಡಿದಳು, ಆಯಿ ಬಾಯಿ ಮೇಲಿನ ಸೆರಗು ತೆಗೆಯಲಿಲ್ಲ.

ಪ್ರತಾಪ ಟಿವಿಯಲ್ಲಿ ಅವ್ವನ ತುಟಿ ನೋಡಿದ. ಆಮೇಲೆ ಅಕ್ಕನ ಬಾಯಿ ನೋಡಿದ. ಹತ್ತಿರ ಬಂದು ಅವಳ ಮುಂದೆ ಕೂತ.

“ಇನ್ನೊಮ್ಮಿ,” ಎಂದ.

ತಾನು ಹೇಗೆ ಕರೆಯುತ್ತೇನೋ, ಇವನ ಪಾಲಿಗೆ ಅವ್ವ ಕರೆದದ್ದು ಹಾಗೆಯೇ ಎಂದು ದುರ್ಗಾಗೆ ಆಗ ತಿಳಿಯಿತು. ತಪ್ಪಾಗಿ ಕರೆದರೂ ಅದೇ ಉಳಿಯುತ್ತದೆ. ಅವಳು ಕಣ್ಣೊರೆಸಿಕೊಂಡು, ಭಾಳ ಹುಷಾರಾಗಿ, ಇನ್ನೊಮ್ಮೆ ಕರೆದಳು.