ಬಿಳಿಮೀಸೆ ಹಕ್ಕಿಯ ಗೂಡಿಗೆ ಕಾವಲು

"ಶ್ಶ್! ಯಾರೂ ಅಲ್ಲಾಡಬೇಡಿ... ಇಲ್ಲೇ ಇದೆ!"

ನಾರ್ಸಿಸಾ ಉಸಿರು ಬಿಗಿಹಿಡಿದು ಪೊದೆಯ ಕಡೆ ಬಾಗಿದಳು. ಅವಳ ಹಿಂದೆ ಕುಯೆಂಕಾ ಊರಿನ ನಾಲ್ವರು ನಿವೃತ್ತ ಟೀಚರಮ್ಮಂದಿರು ರಬ್ಬರ್ ಬೂಟು ತೊಟ್ಟು, ಕೆಸರಿನಲ್ಲಿ ಸಾಲಾಗಿ ನಿಂತಿದ್ದರು. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಕೊನೆಯವರಿಗೆ ಮೊದಲಿನವರ ಟೋಪಿ ಕಾಣುತ್ತಿರಲಿಲ್ಲ.

ನಲವತ್ತು ನಿಮಿಷದಿಂದ ಇದೇ ಆಟ. ಇವಳು ಹಕ್ಕಿಯಂತೆ ಶಿಳ್ಳೆ ಹಾಕುವುದು, ಕಣಿವೆಯ ಕೆಳಗಿನಿಂದ ಉತ್ತರ ಬರುವುದು. ಮತ್ತೆ ಹತ್ತು ಹೆಜ್ಜೆ ಇಳಿಯುವುದು, ಮತ್ತೆ ಶಿಳ್ಳೆ.

ಬಿಳಿಮೀಸೆ ಗ್ರಲಾರಿಯಾ! ಬಾಲವಿಲ್ಲ, ಹಾರುವ ಮನಸ್ಸೂ ಇಲ್ಲ. ಎರಡು ಕಡ್ಡಿಯ ಮೇಲೆ ಮೊಟ್ಟೆ ನಿಲ್ಲಿಸಿದಂಥ ಆಕಾರ. ನೆಲದ ಮೇಲೆ ಕುಪ್ಪಳಿಸಿಕೊಂಡು ಬದುಕುವ ಈ ನಾಚಿಕೆಯ ಹಕ್ಕಿಯನ್ನು ಕಣ್ಣಾರೆ ಕಂಡ ಗೈಡುಗಳೇ ಆ ಬೆಟ್ಟದಲ್ಲಿ ಕಮ್ಮಿ. ಬೇರೆಯವರಂತೆ ಫೋನಿನಲ್ಲಿ ಹಕ್ಕಿಯ ಧ್ವನಿ ಹಾಕಿ ಕರೆಯುವವಳಲ್ಲ ನಾರ್ಸಿಸಾ. ಬಾಯಲ್ಲೇ ಕರೆಯಬೇಕು... ಅದು ಅವಳ ಜಂಬ.

ಅವಳು ಮೆಲ್ಲಗೆ ಎಲೆ ಸರಿಸಿದಳು.

ಎದುರಿಗೆ, ಎರಡೇ ಅಡಿ ದೂರದಲ್ಲಿ, ತುಟಿ ಮುಂದೆ ಮಾಡಿ ಶಿಳ್ಳೆ ಹಾಕುತ್ತಾ ಒಬ್ಬ ಗಂಡಸು!

"ಅಯ್ಯೋ!"

"ಅಯ್ಯೋ ದೇವರೇ!" ಅವನೂ ಹಿಂದಕ್ಕೆ ಬಿದ್ದ.

ನಾರ್ಸಿಸಾಗೆ ಕೋಪ ನೆತ್ತಿಗೇರಿತು. "ನೀವಾ? ಇಷ್ಟು ಹೊತ್ತು ಉತ್ತರ ಕೊಟ್ಟಿದ್ದು ನೀವಾ? ವಯಸ್ಸಾದವರನ್ನ ಇಷ್ಟು ದೂರ ಇಳಿಸ್ಕೊಂಡು ಬಂದಿದೀನಲ್ರೀ!"

ಅವನು ಪ್ಯಾಂಟಿನ ಕೆಸರು ಕೊಡವುತ್ತಾ ಎದ್ದ. "ನೀವು ಇಳಿದ್ರಿ ಸೆನ್ಯೊರೀತಾ, ನಾನು ಹತ್ತಿದೀನಿ! ಸಮುದ್ರದ ಕಡೆಯವನಿಗೆ ಈ ಗುಡ್ಡ ಹತ್ತೋದು ಅಂದ್ರೆ ಪ್ರಾಣಾನೇ ಹೋಗುತ್ತೆ."

ಹಿಂದಿನಿಂದ ದೊನ್ಯಾ ಪಿಯೆದಾದ್ ಕಣ್ಣೊರೆಸಿಕೊಂಡು ನಗತೊಡಗಿದರು. ಎಪ್ಪತ್ತೆರಡು ವರ್ಷ, ಆ ಗುಂಪಿಗೆಲ್ಲ ಹಿರಿಯರು. "ಬಿಡು ಮಗಳೇ, ಗಂಡು ಹಕ್ಕಿ ಸಿಕ್ತಲ್ಲ! ಪಟ್ಟಿಗೆ ಬರ್ಕೋ!"

ನಾರ್ಸಿಸಾಳ ಕೆನ್ನೆ ಕೆಂಪಾಯಿತು. ಕೋಪಕ್ಕೆ ಎಂದು ಅವಳು ತನಗೆ ತಾನೇ ಹೇಳಿಕೊಂಡಳು.

ಅವನ ಹೆಸರು ವಿಲ್ಮೆರ್. ಕರಾವಳಿಯ ಎಸ್ಮೆರಾಲ್ದಾಸ್ ಕಡೆಯವನು. ನಾಲ್ಕು ದಿನದ ಪ್ರವಾಸದಲ್ಲಿ ಮೊದಲೆರಡು ದಿನ ಮಂಜಿನ ಕಾಡಿಗೆ ನಾರ್ಸಿಸಾ, ಕೊನೆಯೆರಡು ದಿನ ತಗ್ಗಿನ ಕಾಡಿಗೆ ಅವನು ಗೈಡ್. ಎರಡು ದಿನ ಮೊದಲೇ ಬಂದು ಬೆಟ್ಟ ನೋಡೋಣವೆಂದು ಹೊರಟವನು ಅವಳ ಶಿಳ್ಳೆಯ ಬೆನ್ನು ಹತ್ತಿದ್ದ!

ಅಂದರೆ... ಪೂರ್ತಿ ಪ್ರವಾಸದ ಹೊಣೆ ಹೊತ್ತ ಅವಳು ನಾಲ್ಕೂ ದಿನ ಇವನೊಂದಿಗೆ ಒಂದೇ ವ್ಯಾನಿನಲ್ಲಿ!

ಮಧ್ಯಾಹ್ನ ಊಟಕ್ಕೆ ಕೂತಾಗ ವಿಲ್ಮೆರ್ ಹಸಿಬಾಳೆಯ ಉಂಡೆ ಕೇಳಿದ. "ಇದು ಬೆಟ್ಟ. ಇಲ್ಲಿ ಆಲೂಗಡ್ಡೆ ಸೂಪು," ಎಂದಳು ನಾರ್ಸಿಸಾ.

"ಬೆಟ್ಟದವರ ಮನಸ್ಸೂ ಇಲ್ಲಿನ ಮಂಜಿನ ಹಾಗೇನೇ. ಒಳಗೇನಿದೆ ಅಂತ ಗೊತ್ತಾಗಲ್ಲ."

"ಕರಾವಳಿಯವರದು ಹಾಗಲ್ಲ ಬಿಡಿ. ಒಳಗೇನೂ ಇರಲ್ಲ, ಎಲ್ಲಾ ಬಾಯಲ್ಲೇ!"

ಅವನು ತಲೆ ಹಿಂದಕ್ಕೆ ಚೆಲ್ಲಿ ನಕ್ಕ. ಆ ನಗು ಕೇಳಿದ್ದೇ ತಡ, ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಎದ್ದು ಹೋಗಿ ಒರೆಸಿಟ್ಟಿದ್ದ ದುರ್ಬೀನನ್ನೇ ಮತ್ತೆ ಒರೆಸಿದಳು.

ಮಾತಿನ ನಡುವೆ ಅವನು ಹಗುರವಾಗಿ ಹೇಳಿಬಿಟ್ಟ. "ಈ ಟ್ರಿಪ್ ಮುಗಿದ್ರೆ ಸೋಮವಾರ ಕೋಕಾ ಊರಿಂದ ದೋಣಿ. ನಾಪೊ ನದಿ ಲಾಡ್ಜ್‌ನಲ್ಲಿ ಒಂದು ವರ್ಷದ ಕೆಲಸ ಸಿಕ್ಕಿದೆ."

ಒಂದು ವರ್ಷ! ಹೋಗಲಿ, ನನಗೇನು? ಎಂದುಕೊಂಡಳು. ಆಮೇಲೆ ಇಡೀ ದಿನ ಅದನ್ನೇ ನೆನೆದಳು.

ಎರಡನೆಯ ದಿನ ಟೀಚರಮ್ಮಂದಿರು ಊಟ ಮುಗಿಸಿ ಕಣ್ಣುಮುಚ್ಚಿದಾಗ ಅವಳು ವಿಲ್ಮೆರ್‌ನ ಎದುರು ನಿಂತಳು.

"ನನ್ನ ಜೊತೆ ಬನ್ನಿ. ಮಾತಾಡಬಾರದು."

ಅವಳ ಚಿಕ್ಕಮ್ಮನ ಜಮೀನಿನ ಅಂಚಿನ ಕಾಡಿನಲ್ಲಿ, ಪಾಚಿ ಹತ್ತಿದ ಮರದ ಕವಲಿನಲ್ಲಿ, ಎದೆಯ ಎತ್ತರಕ್ಕೆ ಒಂದು ಗೂಡಿತ್ತು. ಅದರೊಳಗೆ ಅಲ್ಲಾಡದೆ ಕೂತ ಬಿಳಿಮೀಸೆಯ ಹಕ್ಕಿ. ಒಂದು ವಾರದ ಹಿಂದೆ ಅವಳೊಬ್ಬಳೇ ಕಂಡಿದ್ದಳು. ಎರಡು ಮೊಟ್ಟೆ. ಯಾರಿಗೂ ಹೇಳಿರಲಿಲ್ಲ. ಈ ಹಕ್ಕಿಯ ಗೂಡೆಂದರೆ ಕ್ಯಾಮೆರಾದವರು ಬೆಟ್ಟ ದಾಟಿ ಬಂದಾರು. ಬಂದರೆ ಹಕ್ಕಿ ಗೂಡು ಬಿಟ್ಟೀತು. ಗೂಡಿನ ಜಾಗ ಬಾಯಿಬಿಟ್ಟ ಗೈಡನ್ನು ಬೇರೆ ಗೈಡುಗಳು ಹತ್ತಿರಕ್ಕೂ ಸೇರಿಸುವುದಿಲ್ಲ.

ವಿಲ್ಮೆರ್ ಬಹಳ ಹೊತ್ತು ನೋಡಿದ. ಕಾಡಿನಿಂದ ಹೊರಬಂದ ಮೇಲೆ ಕೇಳಿದ. "ನನಗ್ಯಾಕೆ ತೋರಿಸಿದ್ರಿ?"

"ಗೊತ್ತಿಲ್ಲ."

ನಿಜಕ್ಕೂ ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಹೇಳುವ ಧೈರ್ಯ ಎಲ್ಲಿತ್ತು?

ಸಂಜೆ ಎಲ್ಲ ಗೈಡುಗಳಂತೆ ಅವಳೂ ಆ ದಿನದ ಹಕ್ಕಿಪಟ್ಟಿಯನ್ನು ಎಲ್ಲರೂ ನೋಡುವ ಹಕ್ಕಿ ಆ್ಯಪ್‌ಗೆ ಫೋನಿನಿಂದ ಕಳಿಸಲು ಕೂತಳು. ಪಕ್ಕದಲ್ಲಿ ವಿಲ್ಮೆರ್ ಬಿಸಿ ಕಾಫಿಯೊಳಗೆ ಚೀಸಿನ ಚೂರು ಹಾಕಿ ಚಮಚದಲ್ಲಿ ತೆಗೆದು ತಿನ್ನುತ್ತಿದ್ದ. "ರುಚಿ ನೋಡಿ," ಎಂದು ಚಮಚ ಅವಳ ಬಾಯಿಯ ಹತ್ತಿರ ತಂದ. ಅವಳ ಬೆರಳು ಏನು ಒತ್ತಿತೋ, ಏನು ಬಿಟ್ಟಿತೋ...

ಮೂರನೆಯ ದಿನ ವ್ಯಾನು ತಗ್ಗಿಗೆ ಇಳಿಯಿತು. ಮಂಜು ಹೋಗಿ ಸೆಕೆ ಬಂತು, ಮರಮರದಲ್ಲೂ ಟೂಕಾನುಗಳ ಗಲಾಟೆ. ವಿಲ್ಮೆರ್‌ಗೆ ಊರಿಗೆ ಬಂದಷ್ಟು ಖುಷಿ. ನಾರ್ಸಿಸಾ ಮಾತ್ರ ದಿನ ಎಣಿಸುತ್ತಿದ್ದಳು. ಶನಿವಾರ... ಭಾನುವಾರ... ಆಮೇಲೆ?

'ಹೇಳಿಬಿಡಲೇ? ಏನಂತ ಹೇಳಲಿ? ಹೋಗಬೇಡಿ ಅನ್ನೋಕೆ ನಾನ್ಯಾರು?'

ಭಾನುವಾರ ಬೆಳಿಗ್ಗೆ ಕಾಡಿನ ನಡುವಿನ ಮರದ ಅಟ್ಟಣೆ ಏರಿದಾಗ ಅಲ್ಲಿ ಆಗಲೇ ಬೇರೆ ಗುಂಪೊಂದಿತ್ತು. ಅವರಲ್ಲೊಬ್ಬ ಮೊಳದುದ್ದದ ಲೆನ್ಸ್ ಒರೆಸುತ್ತಾ ಹೇಳಿದ. "ನಾವು ಇಲ್ಲಿಂದ ನೇರ ಬೆಟ್ಟಕ್ಕೆ. ಬಿಳಿಮೀಸೆ ಗ್ರಲಾರಿಯಾ ಗೂಡು ಸಿಕ್ಕಿದೆಯಂತಲ್ಲ! ಜಾಗ ಎಲ್ಲರ ಫೋನಿಗೂ ಬಂದಿದೆ."

ನಾರ್ಸಿಸಾ ಎತ್ತಿ ಹಿಡಿದಿದ್ದ ದುರ್ಬೀನು ಕೆಳಗಿಳಿಸಿದಳು.

ಗೊತ್ತಿದ್ದದ್ದು ಇಬ್ಬರಿಗೆ. ತಾನು... ಮತ್ತು ವಿಲ್ಮೆರ್!

ಅವಳು ಅಟ್ಟಣೆ ಇಳಿದು, ವ್ಯಾನಿನ ಹತ್ತಿರ ನಿಂತಿದ್ದ ಅವನ ಮುಂದೆ ಹೋಗಿ ನಿಂತಳು. ಟೀಚರಮ್ಮಂದಿರೂ ಡ್ರೈವರ್ ದೊನ್ ಸೆಗುಂದೊ ಕೂಡ ನೋಡುತ್ತಲೇ ಇದ್ದರು.

"ಎಷ್ಟು ಜನಕ್ಕೆ ಹೇಳಿದ್ರಿ? ನಾಪೊ ಲಾಡ್ಜ್‌ನವರ ಎದುರು ದೊಡ್ಡ ಮನುಷ್ಯ ಆಗೋಕಾ?"

"ಏನು... ಏನು ಹೇಳಿದೆ ನಾನು?"

"ಗೂಡು! ನನ್ನ ಗೂಡು! ನಂಬಿ ತೋರಿಸಿದ್ನಲ್ಲ... ನನ್ನ ಬುದ್ಧಿಗಿಷ್ಟು! ನಿಮ್ಮಂಥವರಿಗೆ ಎಲ್ಲಾ ಬಾಯಲ್ಲೇ ಅಂತ ಮೊದಲೇ ಗೊತ್ತಿತ್ತು."

ವಿಲ್ಮೆರ್ ಫೋನು ತೆಗೆದು ನೋಡಿದ. ಅವನ ಮುಖದ ಬಣ್ಣ ಬದಲಾಯಿತು. ಏನೋ ಹೇಳಲು ಬಾಯಿ ತೆರೆದವನು ಸುತ್ತ ನಿಂತವರನ್ನೊಮ್ಮೆ ನೋಡಿ ಫೋನು ಜೇಬಿಗಿಳಿಸಿದ.

"ಮಾತಾಡಿ! ಈಗ್ಯಾಕೆ ಮಾತಿಲ್ಲ?"

"ಏನೂ ಇಲ್ಲ ಹೇಳೋಕೆ," ಎಂದ ಅವನು. ಬ್ಯಾಗು ಹೆಗಲಿಗೇರಿಸಿ ಹೆದ್ದಾರಿಯ ಕಡೆ ನಡೆದೇಬಿಟ್ಟ. ಒಮ್ಮೆಯೂ ಹಿಂದಿರುಗಿ ನೋಡಲಿಲ್ಲ.

ಹೋಗಲಿ! ಎಂದಿತು ಬಾಯಿ. ಅಯ್ಯೋ, ಹೋದನಲ್ಲ... ಎಂದಿತು ಮನಸ್ಸು. ನಾರ್ಸಿಸಾ ವ್ಯಾನಿನ ಸುತ್ತ ಮೂರು ಸುತ್ತು ಹಾಕಿದಳು. ಕೂರಲಾರಳು, ಅಳಲಾರಳು.

ಅಷ್ಟರಲ್ಲಿ ದೊನ್ಯಾ ಪಿಯೆದಾದ್ ತಮ್ಮ ಫೋನಿನ ಮೇಲೆ ಭೂತಗನ್ನಡಿ ಹಿಡಿದು ಏನನ್ನೋ ಓದುತ್ತಿದ್ದರು. ನಲವತ್ತು ವರ್ಷ ಮಕ್ಕಳ ತಪ್ಪು ಹುಡುಕಿದ ಕಣ್ಣು ಅದು.

"ಮಗಳೇ, ಇಲ್ಲಿ ಬಾ. ಇದು ಶುಕ್ರವಾರದ ಪಟ್ಟಿ. 'ಗ್ರಲಾರಿಯಾ, ಗೂಡು, ಎರಡು ಮೊಟ್ಟೆ.' ಕೆಳಗೆ ಜಾಗದ ಗುರುತೂ ಇದೆ. ಹೆಸರು ಯಾರದು, ನೀನೇ ಓದು."

ಓದಿದಳು. ಅವಳದೇ ಹೆಸರು!

ಗೂಡು ಎಂದು ಬರೆದರೆ ಜಾಗ ಮರೆಮಾಡುವ ಗುಂಡಿ ಒತ್ತಬೇಕು. ನಿನ್ನೆ ಮೊನ್ನೆ ಬಂದ ಗೈಡಿಗೂ ಗೊತ್ತು. ಅವಳು ಒತ್ತಿರಲಿಲ್ಲ. ಆ ಹೊತ್ತಿಗೆ ಅವಳ ಬಾಯಲ್ಲಿ ಬಿಸಿ ಚೀಸಿತ್ತು, ಕಣ್ಣು ಅವನ ಮೇಲಿತ್ತು.

"ಅವನು... ಅವನು ಇದನ್ನೇ ನೋಡಿದ," ಎಂದಳು ಅವಳು. "ನೋಡಿಯೂ ಹೇಳಲಿಲ್ಲ!"

"ಹೇಳಿದ್ರೆ ಎಲ್ಲರ ಎದುರು ನಿನ್ನ ಮಾನ ಹೋಗ್ತಿತ್ತಲ್ಲೇ ಹುಚ್ಚಿ! ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದೆ ನೀನು."

ನಾರ್ಸಿಸಾ ಫೋನು ಮಾಡಿದಳು. ಸ್ವಿಚ್ ಆಫ್. ಇಷ್ಟು ಹೊತ್ತಿಗೆ ಕೋಕಾದ ಬಸ್ಸು ಹತ್ತಿರುತ್ತಾನೆ. ಅವನು ಹೋದ, ಆ ಲೆನ್ಸಿನವರೂ ಹೊರಟರು. ಅಲ್ಲಿ ಆ ಬಡಪಾಯಿ ಹಕ್ಕಿ ಒಂಟಿ...

"ದೊನ್ಯಾ, ನಿಮ್ಮ ಇವತ್ತಿನ ಹಕ್ಕಿಗಳು..."

"ಹಕ್ಕಿ ಮನೆ ಹಾಳಾಗಲಿ! ಸೆಗುಂದೊ, ತಿರುಗಿಸಯ್ಯಾ ವ್ಯಾನು!"

ದಾರಿಯುದ್ದಕ್ಕೂ ಅವಳು ಕಿಟಕಿಗೆ ಹಣೆ ಒತ್ತಿ ಕೂತಿದ್ದಳು. ಆಡಿದ ಒಂದೊಂದು ಮಾತೂ ಕಿವಿಯಲ್ಲಿ ಮತ್ತೆ ಮೊಳಗುತ್ತಿತ್ತು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತಾರಲ್ಲ... ಮುತ್ತನ್ನು ಅವಳೇ ಕಲ್ಲಿಗೆ ಹೊಡೆದಿದ್ದಳು.

ಮಧ್ಯಾಹ್ನ ಮೂರರ ಹೊತ್ತಿಗೆ ಬೆಟ್ಟ. ಮಂಜು ಇಳಿದಿತ್ತು. ನಾರ್ಸಿಸಾ ವ್ಯಾನು ನಿಲ್ಲುವ ಮೊದಲೇ ಹಾರಿ ಓಡಿದಳು. ಎದುರಿನಿಂದ ಆ ಲೆನ್ಸಿನ ಗುಂಪು ಗೊಣಗುತ್ತಾ ಬರುತ್ತಿತ್ತು.

"ಹೋಗಬೇಡಿ ಮೇಡಂ. ಅಲ್ಲಿ ವಿಷದ ಹಾವು ಇದೆಯಂತೆ. ಒಬ್ಬ ದಾರಿಗೆ ಅಡ್ಡ ಹಗ್ಗ ಕಟ್ಟಿ ಕೂತಿದಾನೆ."

ಒಬ್ಬ?

ಕಾಡಿನ ಬಾಯಿಗೆ ಅಡ್ಡಲಾಗಿ ಹಗ್ಗ. ಹಗ್ಗದ ಆ ಕಡೆ ಮರದ ಬೇರಿನ ಮೇಲೆ ಕೂತವನು ತಲೆಯೆತ್ತದೆ ಹೇಳಿದ. "ಅಲ್ಲೇ ನಿಲ್ಲಿ. ಮುಂದೆ ಹಾವಿದೆ."

"ಎಷ್ಟುದ್ದದ ಹಾವು?" ಎಂದಳು ಅವಳು.

ವಿಲ್ಮೆರ್ ಥಟ್ಟನೆ ತಲೆಯೆತ್ತಿದ.

ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆಲ್ಲ ಅವಳಿಗೆ ಮರೆತುಹೋಯಿತು. "ತಪ್ಪು ನನ್ನದು. ನಾನೇ... ನಾನೇ ಜಾಗ ಮುಚ್ಚಲಿಲ್ಲ. ಈಗ ದಾರಿಯಲ್ಲಿ ಮುಚ್ಚಿದೆ."

"ಗೊತ್ತು, ಬೆಳಿಗ್ಗೇನೇ ಪಟ್ಟಿ ನೋಡಿದ್ದೆ. ಇವತ್ತು ಮೂರು ಗುಂಪು ಬಂದ್ವು. ಎರಡಕ್ಕೆ ಹಾವು ಅಂದೆ."

"ಮೂರನೆಯದಕ್ಕೆ?"

"ನಾನು ಬರೋ ಮೊದಲೇ ಬಂದುಬಿಟ್ಟಿದ್ರು. ಗೂಡಿನ ಮುಂದೇನೇ ನಿಂತಿದ್ರು. ಹಕ್ಕಿ ಎದ್ದು ಹೋಯ್ತು." ಅವನು ಕಣ್ಣು ತಪ್ಪಿಸಿದ. "ಒಂದು ಗಂಟೆ ಆಯ್ತು ನಾರ್ಸಿಸಾ. ಇನ್ನೂ ಬಂದಿಲ್ಲ."

ಅವಳು ಹಗ್ಗದಡಿ ನುಸುಳಿ ಅವನ ಪಕ್ಕ ಕೂತಳು. ದೂರದಲ್ಲಿ ಗೂಡು ಬರಿದಾಗಿ ಕಾಣುತ್ತಿತ್ತು. ಮೊಟ್ಟೆ ತಣ್ಣಗಾಗುತ್ತಿರಬಹುದು. ಅವಳು ಬೆರಳು ಹಿಸುಕಿದಳು, ಏಳಲು ಹೋದಳು, ಮತ್ತೆ ಕೂತಳು.

"ಅಲ್ಲಾಡಬೇಡಿ," ಎಂದು ಪಿಸುಗುಟ್ಟಿದ ಅವನು, ಅವಳ ಕೈ ಹಿಡಿದು ಅದುಮಿ ಇಟ್ಟುಕೊಂಡ.

ಹತ್ತು ನಿಮಿಷ. ಇಪ್ಪತ್ತು. ಪಾಚಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಆಗ ಎಲೆಗಳ ಅಡಿಯಿಂದ ಉದ್ದ ಕಾಲಿನ ಉಂಡೆಯೊಂದು ಕುಪ್ಪಳಿಸಿತು. ನಿಂತಿತು. ಅತ್ತಿತ್ತ ನೋಡಿತು. ಕವಲಿಗೆ ಹಾರಿ, ಗೂಡಿನೊಳಗೆ ಇಳಿದು, ಮೈ ಅಲುಗಿಸಿ ಮೊಟ್ಟೆಗಳ ಮೇಲೆ ಕೂತುಬಿಟ್ಟಿತು!

ನಾರ್ಸಿಸಾ ಬಾಯಿಗೆ ಅಂಗೈ ಒತ್ತಿ ಅತ್ತಳು. ಬೆಳಿಗ್ಗೆಯಿಂದ ತಡೆದಿದ್ದೆಲ್ಲ ಒಮ್ಮೆಗೇ ಬಂತು.

"ನಿಮ್ಮ ದೋಣಿ?" ಎಂದಳು ಕಣ್ಣೊರೆಸಿಕೊಂಡು.

"ಫೋನ್ ಮಾಡಿದ್ದೆ. ಮೊಟ್ಟೆ ಒಡೆಯೋವರೆಗೆ ಬರೋಕಾಗಲ್ಲ ಅಂದೆ. ನಕ್ಕರು. ಬೇರೆಯವರನ್ನ ತಗೊಂಡ್ರು. ಆಮೇಲೆ ಚಾರ್ಜೂ ಹೋಯ್ತು."

"ಯಾಕೆ ಹೀಗೆ ಮಾಡಿದ್ರಿ? ಅಷ್ಟೆಲ್ಲಾ ಅಂದೆ ನಾನು..."

"ಬೈಸ್ಕೊಂಡಿದ್ದು ನಾನು. ಹಕ್ಕಿಯೇನು ಮಾಡಿತ್ತು?" ಅವನು ಗೂಡಿನ ಕಡೆ ನೋಡಿದ. "ನೀವು ಇದನ್ನ ತೋರಿಸಿದ್ದು ನನಗೊಬ್ಬನಿಗೇ. ಅದನ್ನ ಬಿಟ್ಟು ಹೇಗೆ ಹೋಗಲಿ?"

ಅವಳು ಅವನ ಹೆಗಲಿಗೆ ಹಣೆಯಿಟ್ಟಳು. ಇಷ್ಟು ದಿನ 'ನೀವು' ಎಂದ ನಾಲಿಗೆ ಈಗ ತಾನಾಗಿ ಹೊರಳಿತು.

"ಹೋಗಬೇಡ ವಿಲ್ಮೆರ್. ನೀನು ಹೊರಟರೆ ನನಗೆ ಈ ಬೆಟ್ಟದಲ್ಲಿ ಇರೋಕಾಗಲ್ಲ. ಪ್ರೀತಿಸ್ತೀನಿ ನಿನ್ನ. ಆ ಮಂಜು ಗಿಂಜು ಏನೂ ಇಲ್ಲ ಒಳಗೆ... ಇದೊಂದೇ ಇರೋದು."

ಅವನು ಅವಳ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದ.

"ಮೊಟ್ಟೆ ಒಡೆಯೋಕೆ ಇನ್ನೂ ಹತ್ತು ದಿನ ಬೇಕು," ಎಂದ ಮೆಲ್ಲಗೆ.

"ಇರು."

"ಆಮೇಲೆ ಮರಿ ಗೂಡು ಬಿಡೋಕೆ ಹದಿನೈದು ದಿನ."

"ಇರು."

"ಮರಿ ಹೋದ ಮೇಲೆ?"

ನಾರ್ಸಿಸಾ ತಲೆಯೆತ್ತಿ ಒದ್ದೆಗಣ್ಣಿನಲ್ಲೇ ನಕ್ಕಳು.

"ಮರಿ ಹೋಗ್ಲಿ. ನೀನು ಇರು."